ಬಾಯಿ ಮೆತ್ತಗೆ, ಬುಡ ಗಟ್ಟಿ

ಕೋಡಿಬಾಗದ ನನ್ನ ಕಲಾಯಿ ಅಂಗಡಿಗೆ
ಹವಾಲ್ದಾರ ಫೊಂಡು ಸೈಲ ಬರುವುದು
ಮೀನಿನವರೆಲ್ಲ ಬುಟ್ಟಿ ತೊಳೆದು ಎದ್ದ ಮೇಲೆ.
ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ,
ಅದರೊಳಗೆ ಮದುವೆಮನೆ ಚಮಚಗಳ ಸದ್ದು.

ಇಪ್ಪತ್ತೇಳು ಖಾಲಿ ತೋಟೆ.
ನಡುಬೆರಳಷ್ಟು ಉದ್ದ; ಬಾಯಿಗೆ ತೂರಿದರೆ
ಕಿರುಬೆರಳು ಎರಡು ಗಂಟು ಇಳಿಯುತ್ತದೆ.
ಮೂಸಿದರೆ ದೀಪಾವಳಿಯ ಮರುದಿನದ ಓಣಿ.
‘ಬಾಯೆ, ಆರಿಸಿಕೊಡು’ ಅಂದ, ಮೊದಲ ಸಲ.
ನಾನು ಹಂಡೆ ಚರಿಗೆ ತಿದ್ದುವವಳು,
ಕೋವಿ ಮುಟ್ಟಿದವಳಲ್ಲ ಅಂದೆ.
‘ಹಿತ್ತಾಳೆ ಹಿತ್ತಾಳೆಯೇ’ ಅಂದ.
ಅದು ಸುಳ್ಳು. ಇಬ್ಬರಿಗೂ ಗೊತ್ತಿತ್ತು.

ಬುಡದ ಅಚ್ಚು ಓದಬೇಕು ಮೊದಲು:
ಒಂದೇ ಕಾರ್ಖಾನೆ, ಒಂದೇ ವರ್ಷ, ಒಂದೇ ಸಾಲು.
ಗೋಡೆಯ ದಪ್ಪ ಬೇರೆಯಾದರೆ
ಅಳೆದು ಹಾಕಿದ ಅದೇ ಮದ್ದು
ಬೇರೆ ಮಾತಾಡುತ್ತದಂತೆ.
ಹಾಗೆ ಒಂದು ಪರದೇಶಿ ಹೊರಗೆ ಕೂತಿತು.
ಕುತ್ತಿಗೆ ಸೀಳಿದವು ಎರಡು.
ಇನ್ನು ಮೂರಕ್ಕೆ, ಬುಡದಿಂದ ಒಂದಿಷ್ಟು ಮೇಲೆ,
ಸುತ್ತ ಹೊಳೆಯುವ ಸಣ್ಣ ಉಂಗುರ.
ಚೆಂದ ಇದೆಯಲ್ಲ, ಅಂದೆ.
ತುದಿ ಬಗ್ಗಿಸಿದ ತಂತಿ ಕೈಗೆ ಕೊಟ್ಟ:
‘ಒಳಗಿಂದ ಗೀರು.’
ತಂತಿ ಅಲ್ಲೇ ಎಡವಿತು.
ಮುಂದಿನ ಸಲ ಅದು ಅಲ್ಲೇ ಎರಡಾಗುತ್ತಿತ್ತು,
ಅವನ ಕೆನ್ನೆಯ ಹತ್ತಿರ.

ಕಿಲುಬು ತೆಗೆಯಲು ನಾನು ದೇವರ ಪಾತ್ರೆಗೆ ಮಾಡುವಂತೆ
ಬಿಂಬುಳಿ ಹಿಂಡಿದ ನೀರಲ್ಲಿ ಹಾಕಿದೆ,
ಅರ್ಧ ತಾಸು ಸಾಕಿದ್ದದ್ದು, ನಾಲ್ಕನ್ನು ಮರೆತು
ರಾತ್ರಿಯಿಡೀ ಬಿಟ್ಟೆ.
ಬೆಳಿಗ್ಗೆ ಅವು ನಾಚಿದಂತೆ ಗುಲಾಬಿ.
ಬೈಯಲಿಲ್ಲ ಮುದುಕ.
‘ಸತುವು ಹೋಯಿತು, ಸತ್ವ ಹೋಯಿತು’ ಅಂದ,
ಗುಜರಿ ಗೋಣಿಗೆ ಹಾಕಿದ.

ಉಳಿದ ಹದಿನೇಳು
ತಾಟಿನ ನೀರಲ್ಲಿ ಅರ್ಧ ಮುಳುಗಿ ನಿಂತವು,
ಎದೆಮಟ್ಟ ನೀರಲ್ಲಿ ಏಡಿ ಹುಡುಕುವ ಹುಡುಗರ ಹಾಗೆ.
ಕುತ್ತಿಗೆಗೆ ಮಾತ್ರ ಉರಿ.
ಒಣಹುಲ್ಲಿನ ಬಣ್ಣ, ಅದರ ಬೆನ್ನಿಗೆ ನೀಲಿ
ಹೆಗಲತ್ತ ಇಳಿಯುತ್ತದೆ; ಆಗಲೇ ನೀರಿಗೆ ಕೆಡವಬೇಕು.
ಕೆಂಪೇರಿತೋ, ಕೆಟ್ಟಿತು.
‘ಬಾಯಿ ಮೆತ್ತಗಿರಬೇಕು, ಬುಡ ಗಟ್ಟಿ.
ಬುಡ ಮೆತ್ತಗಾದರೆ ಹೊಡೆದವನಿಗೇ ಹೊಡೆತ.’
ನನ್ನತ್ತೆ ಸೊಸೆಯಂದಿರ ವಿಷಯದಲ್ಲಿ
ಇದನ್ನೇ ಹೇಳುತ್ತಿದ್ದಳು. ನಕ್ಕೆ.
ಅವನು ನಗಲಿಲ್ಲ, ಕೇಳಿದ: ‘ನೀಲಿ ಬಂತಾ?’
ಉರಿ ಅವನಿಂದ ಒಂದು ಮೊಳ.
‘ಈಗ ಬಂತಾ?’

ಆಮೇಲೆ ಗೊತ್ತಾಯಿತು,
ಕೊಡಕ್ಕೆ ಬೆಸುಗೆ ಹಾಕಿಸಲು ಬಂದ
ಪೊಲೀಸ್ ಬೀರಪ್ಪ ಹರಿಕಂತ್ರನಿಂದ:
ಚುನಾವಣೆಗೆಂದು ಠಾಣೆಗೆ ಕೊಟ್ಟ ರೈಫಲ್
ಎರಡು ಮಳೆಗಾಲದಿಂದ ಅಲ್ಲೇ,
ಕೊರಳಿಗೆ ಚೀಟಿ ಕಟ್ಟಿಸಿಕೊಂಡು.
ಕಣ್ಣಿನ ಡಾಕ್ಟರು ಸಹಿ ಹಾಕಲಿಲ್ಲ.
ಲೈಸೆನ್ಸಿಗೆ ಕಣ್ಣು ಬೇಕು.
ಎಂಟುನೂರು ಗಜದ ಚಾಂದಮಾರಿಯಲ್ಲಿ
ಒಂದು ಕಾಲಕ್ಕೆ ಇವನದೇ ಹೆಸರಂತೆ.

ಈ ವರ್ಷವೂ ಬಂದ.
ಅದೇ ಡಬ್ಬಿ, ಹದಿನೇಳು.
ಮೂಸಿದೆ: ಕೊಬ್ಬರಿ ಎಣ್ಣೆ, ಹಳೇ ಬಟ್ಟೆ, ಅಷ್ಟೇ.
ಬುಡದ ಗುಳಿಯಲ್ಲಿ ಮಸಿಯ ಗುರುತಿಲ್ಲ,
ಕುತ್ತಿಗೆಯಲ್ಲಿ ನಾನೇ ಬರಿಸಿದ ನೀಲಿ.
ನಾನೂ ಕೇಳಲಿಲ್ಲ. ಕನ್ನಡಕ ಏರಿಸಿ
ಅಚ್ಚು ಓದಿದೆ, ತಂತಿ ಇಳಿಸಿದೆ,
ಒಂದೊಂದಾಗಿ ಅವನಿಗೆ ಕೊಟ್ಟೆ.
ಅವನು ಹೊಸಿಲ ಕಲ್ಲಿನ ಮೇಲೆ ಗೇಣೆತ್ತರದಿಂದ ಬೀಳಿಸಿ
ತಲೆ ವಾಲಿಸಿ ಕೇಳುತ್ತ ಹೋದ,
ನನ್ನಪ್ಪ ಹಳೇ ಕೊಡ ಕೊಳ್ಳುವಾಗ
ಬೆರಳ ಗೆಣ್ಣಿಂದ ಬಡಿದು ಕೇಳುತ್ತಿದ್ದ ಹಾಗೆ.
ಟಿಣ್. ಟಿಣ್.
ಹನ್ನೊಂದನೆಯದು ಕೆಮ್ಮಿತು.

ಎತ್ತಿ ನೋಡಿದೆ. ಕುತ್ತಿಗೆಯಲ್ಲಿ
ಕೂದಲೆಳೆಯಷ್ಟು ಸೀಳು.
ಯಾರೂ ಹೊಡೆದಿರಲಿಲ್ಲ ಅದನ್ನು.
‘ಆಗುತ್ತದೆ’ ಅಂದ. ‘ಉಪ್ಪುಗಾಳಿ, ಮಳೆ,
ಸುಮ್ಮನೆ ಕೂತದ್ದು.’
ಆಗಲೇ ಕೈ ಮುಂದಿನದನ್ನು ತಡಕುತ್ತಿತ್ತು.

ಹೋಗುವಾಗ ಕಿಸೆಯಿಂದ ನೋಟು ತೆಗೆದ:
‘ಹದಿನಾರಕ್ಕೆ ಲೆಕ್ಕ ಹಾಕು.’
ಹಾಕಿದೆ.